ನಾಲ್ದೇಹರಾದ ದೇವದಾರುಗಳ ನಡುವೆ

ಹಿಮಾಲಯಕ್ಕೆ ಹೋಗಿ ಬಂದೆವೆಂದು ಹೇಳಿದೊಡನೆ ನಮ್ಮ ಬಳಗದಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಕೇದಾರ ಆಯಿತೇ?" ಆಗಲಿಲ್ಲವೆಂದೆ. "ಹಾಗಾದರೆ ಅಷ್ಟು ದೂರ ಹೋಗಿ ಮಾಡಿದ್ದೇನು?" ಗಾಲ್ಫ್ ಆಡಿ ಬಂದೆನೆಂದಾಗ ನಮ್ಮ ಹಿರಿಯ ಬೀಗರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ನೀರಾವರಿ ಇಲಾಖೆಯಿಂದ ನಿವೃತ್ತನಾದ, ಹೃದಯಕ್ಕೆ ಒಮ್ಮೆ ಸ್ಟೆಂಟ್ ಹಾಕಿಸಿಕೊಂಡ, ಇಷ್ಟು ವಯಸ್ಸಾದ ಮನುಷ್ಯನ ಬಾಯಲ್ಲಿ ಬರಬೇಕಾದ ಮಾತಲ್ಲವದು ಎಂಬ ಭಾವ ಅವರ ಮುಖದಲ್ಲಿ ಸ್ಪಷ್ಟವಾಗಿಯೇ ಇತ್ತು. ನಾನೂ ಎರಡು ವರ್ಷಗಳ ಹಿಂದೆ ಅವರಂತೆಯೇ ನೋಡುತ್ತಿದ್ದೆ. ಗಾಲ್ಫ್ ಎಂದರೆ ಹೊಟ್ಟೆ ತುಂಬಿದವರ ಆಟ, ನೂರಾರು ಎಕರೆ ನೆಲವನ್ನೂ ಕೆರೆಗಟ್ಟಲೆ ನೀರನ್ನೂ ನುಂಗುವ ವಿಲಾಸ ಎಂಬುದು ನನ್ನ ಸಿದ್ಧಾಂತವಾಗಿತ್ತು. ಆ ಸಿದ್ಧಾಂತವನ್ನು ಈಗಲೂ ಪೂರ್ತಿಯಾಗಿ ಬಿಟ್ಟಿಲ್ಲ.

ನಮ್ಮ ಹಿರಿಯ ಮಗ ಚಂಡೀಗಢದಲ್ಲಿದ್ದಾನೆ. ಮೊಮ್ಮಗಳನ್ನು ನೋಡಿಕೊಳ್ಳಲು ನಾವಿಬ್ಬರೂ ವರ್ಷಕ್ಕೆ ಮೂರು ತಿಂಗಳು ಅಲ್ಲಿಗೆ ಹೋಗುವ ರೂಢಿ. ವೈದ್ಯರು ದಿನವೂ ನಡೆಯಬೇಕೆಂದು ಹೇಳಿದ್ದರು. ನನಗೋ ಸುಮ್ಮನೆ ನಡೆಯುವುದೆಂದರೆ ಬೇಸರ. "ಅಪ್ಪಾ, ನಡೆಯುವುದಕ್ಕೆ ಒಂದು ನೆಪ ಬೇಕಾದರೆ ನನ್ನ ಜೊತೆ ಬಾ" ಎಂದು ಮಗ ಕರೆದುಕೊಂಡು ಹೋಗಿ ಕೈಗೆ ಕೋಲು ಕೊಟ್ಟ. ಬಾಲ್ಯದಲ್ಲಿ ನಾವು ಆಡಿದ ಚಿಣಿಪಣಿಯ ನೆನಪಿನಿಂದ ಬೀಸಿದೆ. ಚೆಂಡು ಅಲ್ಲಿಯೇ ಇತ್ತು. ಹುಲ್ಲಿನ ಹೆಂಟೆಯೊಂದು ಮಾತ್ರ ಹತ್ತು ಮಾರು ದೂರ ಹೋಗಿ ಬಿತ್ತು. ಆ ಅವಮಾನವೇ ನನ್ನನ್ನು ಮರುದಿನವೂ ಅಲ್ಲಿಗೆ ಎಳೆದೊಯ್ದಿತು.

ಆಟದ ಸ್ವರೂಪವನ್ನು ತಿಳಿಯದ ಓದುಗರಿಗಾಗಿ ಎರಡು ಮಾತು. ಸುಮಾರು 46 ಗ್ರಾಮ್ ತೂಕದ, ನಿಂಬೆಹಣ್ಣಿನಷ್ಟೇ ಗಾತ್ರದ ಚೆಂಡು. ದೂರದಲ್ಲೆಲ್ಲೋ ಒಂದು ಬಾವುಟ, ಅದರ ಬುಡದಲ್ಲಿ 108 ಮಿಲಿಮೀಟರ್ ಅಗಲದ ಕುಳಿ. ಹೊಡೆಯಲು ಆರಂಭಿಸುವ ಸಮತಟ್ಟಾದ ಜಾಗಕ್ಕೆ ಟೀ ಎಂದೂ, ಕುಳಿಯ ಸುತ್ತ ಜಮಖಾನೆಯಂತೆ ನುಣ್ಣಗೆ ಕತ್ತರಿಸಿದ ಹುಲ್ಲಿಗೆ ಗ್ರೀನ್ ಎಂದೂ ಹೆಸರು. ಎಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡು ಕುಳಿ ಸೇರಿತೋ ಅಷ್ಟು ಒಳ್ಳೆಯದು. ಹೀಗೆ ಹದಿನೆಂಟು ಕುಳಿಗಳು. ಸ್ಕಾಟ್ಲೆಂಡಿನ ಜನ ಬಿಲ್ವಿದ್ಯೆಯನ್ನು ಮರೆತು ಇದರಲ್ಲಿ ಮುಳುಗಿದ್ದಾರೆಂದು 1457ರಲ್ಲಿ ಅಲ್ಲಿನ ಪಾರ್ಲಿಮೆಂಟು ಇದನ್ನು ನಿಷೇಧಿಸಿತ್ತಂತೆ. ಆಟ ನಿಲ್ಲಲಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ನಮ್ಮ ದೇಶದಲ್ಲೇ 1829ರಲ್ಲಿ ಕಲಕತ್ತೆಯಲ್ಲಿ, 1876ರಲ್ಲಿ ನಮ್ಮ ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬುಗಳು ಹುಟ್ಟಿಕೊಂಡವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಕ್ರಿಕೆಟ್ಟಿನಲ್ಲಿ ಅಂಪೈರು, ಕಬಡ್ಡಿಯಲ್ಲಿ ರೆಫ್ರಿ. ನಮ್ಮಂಥವರು ಆಡುವ ಗಾಲ್ಫಿನಲ್ಲಿ ಅಂಥವರು ಯಾರೂ ಇಲ್ಲ. ತನ್ನ ಹೊಡೆತವನ್ನು ತಾನೇ ಎಣಿಸಬೇಕು. ತನ್ನ ತಪ್ಪಿಗೆ ತಾನೇ ದಂಡ ಹಾಕಿಕೊಳ್ಳಬೇಕು. ಇದನ್ನು ಮಗ ಮೊದಲ ದಿನವೇ ಹೇಳಿದ್ದ. ಕೇಳಿ ಸಂತೋಷಪಟ್ಟಿದ್ದೆ. ಅಂಥ ನಿಯಮ ನನ್ನಂಥವನಿಗೇ ತಕ್ಕುದೆಂದು ಒಳಗೊಳಗೆ ಹೆಮ್ಮೆಪಟ್ಟಿದ್ದೆನೆಂದರೂ ಸುಳ್ಳಲ್ಲ.

ಕಳೆದ ಮೇ ತಿಂಗಳಲ್ಲಿ ಮಗನಿಗೆ ನಾಲ್ಕು ದಿನ ರಜೆ ಸಿಕ್ಕಿತು. ಕಾಲ್ಕಾದಿಂದ ಪುಟ್ಟ ರೈಲಿನಲ್ಲಿ ಶಿಮ್ಲಾಕ್ಕೆ ಹೊರಟೆವು. 1903ರಲ್ಲಿ ಆರಂಭವಾದ ಈ ಹಳಿ 96 ಕಿಲೋಮೀಟರ್ ಉದ್ದದ್ದು. ನೂರಕ್ಕೂ ಹೆಚ್ಚು ಸುರಂಗಗಳನ್ನು ಹಾದು ಬೆಟ್ಟವನ್ನು ಸುತ್ತಿ ಸುತ್ತಿ ಏರುತ್ತದೆ. ಮೊಮ್ಮಗಳು ಸುರಂಗಗಳನ್ನು ಎಣಿಸಲು ತೊಡಗಿ ನಲವತ್ತರ ಹೊತ್ತಿಗೆ ನಿದ್ದೆಹೋದಳು. ಶಿಮ್ಲಾದ ಜನಸಂದಣಿಯ ಬಗ್ಗೆ ಹೇಳದಿರುವುದೇ ಲೇಸು. ಮರುದಿನ ಬೆಳಿಗ್ಗೆ ಬಾಡಿಗೆಯ ಕಾರಿನಲ್ಲಿ ಢಲ್ಲಿಯನ್ನು ದಾಟಿ ಮಶೋಬ್ರಾದ ಕಡೆಗೆ ತಿರುಗಿದೊಡನೆ ಗದ್ದಲವೆಲ್ಲ ಹಿಂದೆ ಉಳಿಯಿತು. ರಾಷ್ಟ್ರಪತಿಗಳ ಬೇಸಿಗೆಯ ನಿವಾಸ ಇರುವುದು ಈ ಮಶೋಬ್ರಾದಲ್ಲಿಯೇ. 2023ರಿಂದ ಅದನ್ನು ಸಾರ್ವಜನಿಕರೂ ನೋಡಬಹುದಾಗಿದೆ. ಅಲ್ಲಿಂದ ಮುಂದಕ್ಕೆ ಸೇಬಿನ ತೋಟಗಳು, ಆಮೇಲೆ ಕಾಡು. ಶಿಮ್ಲಾದಿಂದ ಸುಮಾರು 22 ಕಿಲೋಮೀಟರ್ ಕ್ರಮಿಸಿದಾಗ ನಾಲ್ದೇಹರಾ ಬಂದಿತು. ಸಮುದ್ರಮಟ್ಟದಿಂದ ಅದರ ಎತ್ತರ ಎರಡು ಸಾವಿರ ಮೀಟರಿಗೂ ಮಿಗಿಲು.

ನಾನು ಕಲ್ಪಿಸಿಕೊಂಡಿದ್ದು ಒಂದು ದೊಡ್ಡ ಹುಲ್ಲುಗಾವಲನ್ನು. ಕಂಡದ್ದು ದೇವದಾರುವಿನ ವನ. ನೂರಾರು ವರ್ಷ ಬಾಳಿರಬಹುದಾದ ಮರಗಳು ನೇರವಾಗಿ ಆಕಾಶಕ್ಕೆ ನಿಂತಿವೆ. ಕೊಂಬೆಗಳು ಮೇಲಕ್ಕೇರದೆ, ಯಾರೋ ತಟ್ಟೆಗಳನ್ನು ಒಂದರ ಮೇಲೊಂದು ಹಿಡಿದಂತೆ ಅಡ್ಡಲಾಗಿ ಚಾಚಿವೆ. ಆ ಮರಗಳ ನಡುವೆ ಉಳಿದ ತೆರಪುಗಳಲ್ಲೇ ಹಸಿರು ಹುಲ್ಲು ಏರುತ್ತ, ಇಳಿಯುತ್ತ, ಬಟ್ಟಲಿನಂತೆ ತಗ್ಗುತ್ತ ಹರಿದುಹೋಗಿದೆ. ಮರ ಕಡಿದು ಮೈದಾನ ಮಾಡಿದ್ದೆನ್ನುವುದಕ್ಕಿಂತ, ಮರಗಳು ಬಿಟ್ಟುಕೊಟ್ಟ ಜಾಗದಲ್ಲಿ ಆಟ ನುಸುಳಿಕೊಂಡಿದೆ ಎಂದೇ ನನಗೆ ತೋರಿತು. ಜಾಗ ಇಕ್ಕಟ್ಟಾದುದರಿಂದ ಟೀಗಳು ಹದಿನೆಂಟಿದ್ದರೂ ಗ್ರೀನ್‌ಗಳು ಹದಿನಾರೇ. ಬಯಲುಸೀಮೆಯ ದೊಡ್ಡ ಕೋರ್ಸುಗಳಲ್ಲಿ ಹದಿನೆಂಟು ಕುಳಿಗಳಿಗೆ ಸಾಮಾನ್ಯವಾಗಿ 72 ಹೊಡೆತಗಳ ಲೆಕ್ಕ; ಇಲ್ಲಿ 68. ಕಡಿಮೆಯೆಂದು ಯಾರೂ ಹಗುರಾಗಿ ತಿಳಿಯಬಾರದು.

ಈ ಕೋರ್ಸಿಗೆ ಕಾರಣನಾದವನು ವೈಸರಾಯ್ ಲಾರ್ಡ್ ಕರ್ಜನ್ ಎಂದು ಹೇಳುತ್ತಾರೆ. 1905ರ ಸುಮಾರಿಗೆ ಇದು ಸಿದ್ಧವಾಯಿತಂತೆ. ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರಿಗೆ 1902ರ ಆಗಸ್ಟಿನಲ್ಲಿ ರಾಜ್ಯಾಧಿಕಾರ ವಹಿಸಿಕೊಡಲು ಮೈಸೂರಿಗೆ ಬಂದಿದ್ದ ಕರ್ಜನನೇ ಇವನು. ಬೇಸಿಗೆಯಲ್ಲಿ ಹೆಂಡತಿ ಮಕ್ಕಳೊಡನೆ ಇಲ್ಲಿ ಡೇರೆ ಹಾಕಿಸಿ ತಂಗುತ್ತಿದ್ದ. 1904ರಲ್ಲಿ ಹುಟ್ಟಿದ ಕಿರಿಯ ಮಗಳಿಗೆ ಅಲೆಕ್ಸಾಂಡ್ರಾ ನಾಲ್ದೇರಾ ಎಂದು ಈ ಊರಿನ ಹೆಸರನ್ನೇ ಸೇರಿಸಿ ಇಟ್ಟನೆಂದರೆ ಈ ತಾಣ ಅವನನ್ನು ಎಷ್ಟು ಒಲಿಸಿಕೊಂಡಿತ್ತೆಂಬುದನ್ನು ಊಹಿಸಬಹುದು. ಬಂಗಾಳವನ್ನು ಒಡೆದವನಿಗೂ ಇಂಥದೊಂದು ಕೋಮಲ ಭಾಗವಿತ್ತೆಂದು ನಮ್ಮ ಮನೆಯವರು ಆಶ್ಚರ್ಯಪಟ್ಟರು. ಊರಿನ ಹೆಸರಾದರೋ ಅವನಿಗಿಂತ ಬಹಳ ಹಳೆಯದು. ನಾಗನ ದೇಹರಾ, ಎಂದರೆ ನಾಗದೇವತೆಯ ಗುಡಿ. ಆ ಮಹುನಾಗನ ಗುಡಿ ಇಂದಿಗೂ ಆಟದ ಬಯಲಿನ ನಡುವೆಯೇ ಇದೆ.

ನನ್ನ ಆರೋಗ್ಯದ ದೃಷ್ಟಿಯಿಂದ ಒಂಬತ್ತು ಕುಳಿಗಳನ್ನಷ್ಟೇ ಆಡುವುದೆಂದು ಮೊದಲೇ ನಿಶ್ಚಯಿಸಿದ್ದೆವು. ನಮ್ಮ ಮನೆಯವರೂ ಸೊಸೆಯೂ ಮೊಮ್ಮಗಳೊಡನೆ ಕಾಡಿನ ದಾರಿಯಲ್ಲಿ ಸುತ್ತಾಡಲು ಹೋದರು. ಮಗುವಿಗೆ ಅಲ್ಲಿ ಸವಾರಿಗೆ ಸಿಗುವ ಕುದುರೆಗಳ ಮೇಲೆ ಕಣ್ಣು. ನನ್ನ ಚೀಲವನ್ನು ಹೊರಲು ಬಂದ ಕ್ಯಾಡಿ ನನಗಿಂತ ನಾಲ್ಕೈದು ವರ್ಷ ಕಿರಿಯನಿರಬಹುದು. ಅವನ ತಂದೆಯೂ ಇದೇ ಬೆಟ್ಟದಲ್ಲಿ ಇದೇ ಕೆಲಸ ಮಾಡಿದವನು. ತನ್ನ ವಯಸ್ಸಿನವನ ಹೆಗಲಿಗೆ ಚೀಲ ಹೊರಿಸಿ ಬರಿಗೈಯಲ್ಲಿ ನಡೆಯುವುದು ನನಗೆ ಮುಜುಗರವೆನಿಸಿ, ನಾನೇ ಹೊರುತ್ತೇನೆಂದೆ. ಅವನು ನಕ್ಕು, "ಬಾಬೂಜಿ, ಚೀಲ ನಿಮಗೆ ಕೊಟ್ಟರೆ ನನಗೆ ಕೂಲಿ ಯಾತಕ್ಕೆ ಕೊಡುತ್ತೀರಿ? ನೀವು ಉಸಿರನ್ನು ಕಾಪಾಡಿಕೊಳ್ಳಿ" ಎಂದ. ಅರ್ಧ ಗಂಟೆಯೊಳಗೆ ಆ ಮಾತಿನ ಅರ್ಥ ನನ್ನ ಮೊಣಕಾಲುಗಳಿಗೆ ಆಯಿತು.

ಎತ್ತರದ ತೆಳುಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆ. ಕೆಳಗೆ ನೂರು ಗಜ ಹೋಗುವ ಹೊಡೆತ ಇಲ್ಲಿ ಏಳೆಂಟು ಗಜ ಹೆಚ್ಚೇ ಹೋಗುತ್ತದೆಂದು ಮಗ ವಿವರಿಸಿದ. ಹಾಗೆಂದು ಹಿಗ್ಗುವಂತಿಲ್ಲ, ಹೆಚ್ಚು ಹೋದದ್ದು ಕಾಡಿಗೆ ಹೋಗುತ್ತದೆ. ಎಷ್ಟೋ ಕಡೆ ಹೊಡೆಯುವವನಿಗೆ ಬಾವುಟವೇ ಕಾಣುವುದಿಲ್ಲ. ಕ್ಯಾಡಿ ಯಾವುದೋ ಮರದ ತುದಿಯನ್ನು ತೋರಿಸಿ "ಅದರ ಎಡಗಡೆಗೆ" ಎನ್ನುತ್ತಾನೆ, ನಂಬಿ ಹೊಡೆಯಬೇಕು.

ಮೂವತ್ತು ವರ್ಷ ಕಾಲುವೆಗಳ ಮಟ್ಟ ನೋಡಿದ ನನಗೆ ಇಳಿಜಾರಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಾಗಿಲ್ಲವೆಂಬ ಗರ್ವವಿತ್ತು. ಎರಡನೆಯ ಗ್ರೀನಿನಲ್ಲಿ ಕುಳಿಗೆ ಹತ್ತು ಹೆಜ್ಜೆ ದೂರದಲ್ಲಿ ನಿಂತು ಕಣ್ಣಳತೆ ಮಾಡಿದೆ. ನೆಲ ಎಡಕ್ಕೆ ಇಳಿದಿತ್ತು, ಕುರುಡನಿಗೂ ಕಾಣುವಂತಿತ್ತು. ಕ್ಯಾಡಿ ಮೆಲ್ಲಗೆ, "ಬಾಬೂಜಿ, ಚೆಂಡು ಬಲಕ್ಕೆ ಹೋಗುತ್ತದೆ" ಎಂದ. ನಾನು ಎಂಜಿನಿಯರನೆಂದು ಅವನಿಗೆ ಹೇಳಿ, ನನ್ನ ಲೆಕ್ಕದಂತೆಯೇ ತಳ್ಳಿದೆ. ಚೆಂಡು ನೆಟ್ಟಗೆ ಹೊರಟು, ನಡುವೆ ಅರೆಗಳಿಗೆ ಅನುಮಾನಿಸಿ, ಬಲಕ್ಕೆ ತಿರುಗಿ ಇಳಿದು ಗ್ರೀನಿನ ಅಂಚಿನಲ್ಲಿ ನಿಂತಿತು. ಅವನು ನಗಲಿಲ್ಲ. ಬಲಗಡೆಗೆ ಕೈ ತೋರಿಸಿದ. ಮರಗಳ ಸಂದಿಯಲ್ಲಿ ಕಣಿವೆ, ಕಣಿವೆಯ ತಳದಲ್ಲೆಲ್ಲೋ ಸಟ್ಲೆಜ್ ನದಿ. ಸುತ್ತಲಿನ ಬೆಟ್ಟವೇ ಒಂದು ಕಡೆಗೆ ವಾಲಿರುವಾಗ ಕಣ್ಣು ಯಾವುದನ್ನು ಸಮತಲವೆಂದು ಹಿಡಿಯಬೇಕು? ನಾನು ಪಕ್ಕದ ದಿಬ್ಬಕ್ಕೆ ಹೋಲಿಸಿ ನೋಡಿದ್ದೆ. ಅವನು ನದಿಯನ್ನು ನೋಡಿದ್ದ. ನೀರಾವರಿ ಇಲಾಖೆಯವನಿಗೆ ಇದು ಹೊಳೆಯದಿದ್ದುದು ಸ್ವಲ್ಪ ಹೆಚ್ಚೇ ಚುಚ್ಚಿತು. ಅಲ್ಲಿಂದ ಮುಂದೆ ಅವನ ಮಾತನ್ನು ಮೀರಲಿಲ್ಲ.

ಐದನೆಯ ಕುಳಿಯ ಹೊತ್ತಿಗೆ ನನ್ನ ಲೆಕ್ಕ ದೀನವಾಗಿತ್ತು. ಒಂದರಲ್ಲಿ ಎಂಟು, ಒಂದರಲ್ಲಿ ಒಂಬತ್ತು. ಆ ಕುಳಿಗೆ ನಾಲ್ಕು ಹೊಡೆತಗಳ ಲೆಕ್ಕ. ನನ್ನ ಮೊದಲ ಹೊಡೆತ ಬಲಗಡೆಯ ಮರಗಳೊಳಗೆ ಹೋಯಿತು. ಮಗನ ಚೆಂಡು ಎಡಕ್ಕಿತ್ತು. ಅವನು ಅತ್ತ ಹೋದ, ನಾನು ಇತ್ತ. ನಡುವೆ ಒಂದು ದಿಬ್ಬ. ದೇವದಾರುವಿನ ಕೆಳಗೆ ಸೂಜಿಯಂಥ ಎಲೆಗಳ ದಪ್ಪ ಹಾಸಿಗೆ. ಕಾಯಿಗಳು ಬಲಿತು ಮರದ ಮೇಲೆಯೇ ಬಿಚ್ಚಿಕೊಳ್ಳುವುದರಿಂದ ಅವುಗಳ ಚಕ್ಕೆಗಳೂ ನೆಲದ ತುಂಬ. ಕಾಲಿಟ್ಟರೆ ಜಾರುತ್ತದೆ, ಗಂಧದಂಥ ವಾಸನೆ ಏಳುತ್ತದೆ. ಚೆಂಡು ಬೇರಿನ ಪಕ್ಕದಲ್ಲಿ ಒಳ್ಳೆಯ ಜಾಗದಲ್ಲೇ ಕುಳಿತಿತ್ತು. ಹಿಂದಿನ ಕಸವನ್ನು ತೆಗೆಯಲು ನಿಯಮದಲ್ಲಿ ಅನುಮತಿಯಿದೆ. ಆದರೆ ತೆಗೆಯುವಾಗ ಚೆಂಡು ಅಲುಗಿದರೆ ಒಂದು ಹೊಡೆತ ದಂಡ, ಚೆಂಡನ್ನು ಮೊದಲಿನ ಜಾಗದಲ್ಲೇ ಇಡಬೇಕು. ನಾನು ಬಾಗಿ ಒಂದು ಕಡ್ಡಿಯನ್ನು ಎಳೆದೆ. ಚೆಂಡು ಅರ್ಧ ಗೇಣು ಉರುಳಿ ಇನ್ನೂ ಒಳ್ಳೆಯ ಜಾಗಕ್ಕೆ ಬಂದು ನಿಂತಿತು.

ಆ ಕ್ಷಣದಲ್ಲಿ ನಾನು ಯೋಚಿಸಿದೆನೇ? ಯೋಚಿಸಲಿಲ್ಲವೆಂದು ಬರೆಯಬಹುದಿತ್ತು. ಯೋಚಿಸಿದೆ. ಮಗ ಕಾಣುತ್ತಿರಲಿಲ್ಲ. ಕೋಲನ್ನು ಬೀಸಿದೆ, ಆ ದಿನದ ನನ್ನ ಅತಿ ಸುಂದರವಾದ ಹೊಡೆತ ಅದೇ. ಎರಡು ಮರಗಳ ನಡುವಿನಿಂದ ಚೆಂಡು ಬಾಣದಂತೆ ಹೊರಟು ಬಯಲಿಗೆ ಬಿತ್ತು. ಹಿಂದಿರುಗಿ ನೋಡಿದಾಗ ಐದಾರು ಮಾರು ದೂರದಲ್ಲಿ ಕ್ಯಾಡಿ ಚೀಲ ಹೊತ್ತು ನಿಂತಿದ್ದ. ಅವನು ಮೇಲೆ ಕೊಂಬೆಗಳನ್ನು ನೋಡುತ್ತಿದ್ದ. ನನ್ನ ಕೈಯಿಂದ ಕೋಲು ತೆಗೆದುಕೊಂಡು ಬಟ್ಟೆಯಿಂದ ಒರೆಸಿದ, ಮುಂದಿನದನ್ನು ಕೊಟ್ಟ. ಮೂರನೆಯ ಹೊಡೆತಕ್ಕೆ ಗ್ರೀನ್ ಸೇರಿ, ಐದಕ್ಕೆ ಚೆಂಡು ಕುಳಿಗೆ ಬಿತ್ತು. "ಅಪ್ಪಾ, ಐದು! ಬೋಗಿ!" ಎಂದು ಮಗ ದಿಬ್ಬದ ಮೇಲಿನಿಂದ ಕೂಗಿದ. ಲೆಕ್ಕಕ್ಕಿಂತ ಒಂದೇ ಹೊಡೆತ ಹೆಚ್ಚಾದರೆ ಬೋಗಿ ಎನ್ನುತ್ತಾರೆ. ನನ್ನ ಆಟದ ಜೀವನದಲ್ಲಿ ಅದು ಮೊದಲನೆಯದು. ಅವನು ಓಡಿ ಬಂದು ಕೈ ಕುಲುಕಿದ. ಅವನ ಮುಖದಲ್ಲಿದ್ದ ಸಂತೋಷವನ್ನು ಕಂಡು ಬಾಯಿಗೆ ಬಂದ ಮಾತನ್ನು ನುಂಗಿದೆ. ಅವನು ಕಾರ್ಡಿನಲ್ಲಿ 5 ಎಂದು ಬರೆದ.

ಮುಂದಿನ ಕುಳಿಗಳನ್ನು ಹೇಗೆ ಆಡಿದೆನೋ ನೆನಪಿಲ್ಲ. 1996ರ ಒಂದು ಸಂಜೆ ಮಾತ್ರ ನೆನಪಾಗುತ್ತಿತ್ತು. ಈ ಮಗ ಆಗ ಏಳನೆಯ ಇಯತ್ತೆಯಲ್ಲಿದ್ದ. ಗಣಿತದಲ್ಲಿ 38 ಅಂಕ ಬಂದಿದ್ದ ಪ್ರಗತಿಪತ್ರಕ್ಕೆ ನನ್ನ ಸಹಿಯನ್ನು ತಾನೇ ಹಾಕಿ ಶಾಲೆಗೆ ಒಪ್ಪಿಸಿದ್ದ. ಗುರುಗಳು ನನ್ನನ್ನು ಕರೆಸಿ ತೋರಿಸಿದರು. ನಾನು ಹೊಡೆಯಲಿಲ್ಲ, ಬಯ್ಯಲಿಲ್ಲ. ಎಂಟು ದಿನ ಅವನೊಡನೆ ಮಾತಾಡಲಿಲ್ಲ. ಊಟಕ್ಕೆ ಕುಳಿತಾಗ ಅವನ ಕಡೆ ನೋಡಲೂ ಇಲ್ಲ. ಅದು ನ್ಯಾಯವಾದ ಶಿಕ್ಷೆಯೆಂದೇ ಅಂದು ತಿಳಿದಿದ್ದೆ. ನಂತರವೂ ಎಷ್ಟೋ ಮನೆಗಳಲ್ಲಿ ಈ ಕತೆಯನ್ನು ಹೇಳಿ, ಮಕ್ಕಳನ್ನು ಹೀಗೆ ಬೆಳೆಸಬೇಕೆಂದು ಉಪದೇಶ ಮಾಡಿದ್ದುಂಟು.

ಮಹುನಾಗನ ಗುಡಿಯ ಹತ್ತಿರ ಬಂದಾಗ ಕ್ಯಾಡಿ ಚೀಲವನ್ನು ಇಳಿಸಿ, ಟೊಪ್ಪಿಗೆ ತೆಗೆದು ಕೈಮುಗಿದ. ಕಟ್ಟಿಗೆಯ ಕೆಲಸದ ಚಿಕ್ಕ ಗುಡಿ, ಸುತ್ತ ಅದೇ ದೇವದಾರುಗಳು. ಕಣಿವೆಯಾಚೆ ಕರಸೋಗದಲ್ಲಿ ಈ ದೇವರ ಮೂಲಸ್ಥಾನವಿದೆಯೆಂದೂ, ಅಲ್ಲಿಯ ಜನ ಮಹುನಾಗನನ್ನು ಮಹಾಭಾರತದ ಕರ್ಣನೆಂದೇ ನಂಬುತ್ತಾರೆಂದೂ ಹೇಳಿದ. ನಾನು ಕೇಳಿದೆ: "ಭಾಯಿ, ಆಗ ಆ ಮರದ ಕೆಳಗೆ ನೀನು ನೋಡಿದೆಯಲ್ಲ?" ಅವನು ಟೊಪ್ಪಿಗೆಯನ್ನು ತಲೆಗೆ ಇಟ್ಟುಕೊಳ್ಳುತ್ತ, "ಬಾಬೂಜಿ, ಕ್ಯಾಡಿಯ ಕೆಲಸ ಚೆಂಡನ್ನು ನೋಡುವುದು. ಎಣಿಸುವುದು ಆಡುವವರ ಕೆಲಸ" ಎಂದ. ಅದರಲ್ಲಿ ಆಕ್ಷೇಪಣೆಯಿರಲಿಲ್ಲ, ಸಮಾಧಾನವೂ ಇರಲಿಲ್ಲ. ಚೀಲವನ್ನೆತ್ತಿಕೊಂಡು ಮುಂದೆ ನಡೆದ.

ಒಂಬತ್ತು ಕುಳಿಗಳು ಮುಗಿದ ಮೇಲೆ ಕಾರ್ಡಿಗೆ ಒಬ್ಬರದಕ್ಕೆ ಮತ್ತೊಬ್ಬರು ಸಹಿ ಹಾಕುವುದು ಪದ್ಧತಿ. ಮಗ ಪೆನ್ನು ತೆಗೆದ. "ಐದನೆಯದರಲ್ಲಿ ಆರು" ಎಂದೆ. "ಐದೇ ಅಪ್ಪಾ, ನಾನು ನೋಡಿದೆನಲ್ಲ" ಎಂದ. ನಡೆದದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಕಾರ್ಡನ್ನೇ ನೋಡುತ್ತಿದ್ದು, 5ನ್ನು ಹೊಡೆದುಹಾಕಿ 6 ಎಂದು ಬರೆದ. ಕೂಡಿಸಿದಾಗ 70 ಆಯಿತು. ಹದಿನೆಂಟಕ್ಕೆ 68ರ ಲೆಕ್ಕವಿರುವಲ್ಲಿ ನಾನು ಒಂಬತ್ತಕ್ಕೇ ಅದನ್ನು ದಾಟಿದ್ದೆ. ಕೆಳಗೆ ತನ್ನ ಸಹಿ ಹಾಕಿದ. ಬೇರೇನೂ ಮಾತಾಡಲಿಲ್ಲ. ನಾನು ಕ್ಯಾಡಿಗೆ ಗೊತ್ತುಮಾಡಿದ ಕೂಲಿಯನ್ನು ಕೊಟ್ಟು, ಮೇಲೆ ಒಂದಿಷ್ಟು ಕೊಡಹೋದಾಗ ಅದು ಬೇರೆ ಅರ್ಥ ಕೊಡಬಹುದೆಂದು ಕೈ ತಡೆಯಿತು. ಅವನೇ ಅದನ್ನು ಅರಿತವನಂತೆ, "ಎಲ್ಲರೂ ಖುಷಿಯಿಂದ ಕೊಡುತ್ತಾರೆ ಬಾಬೂಜಿ" ಎಂದು ನಕ್ಕು ತೆಗೆದುಕೊಂಡ.

ಹೋಗಬಯಸುವ ಕುಟುಂಬಗಳಿಗೆ ಒಂದು ಸೂಚನೆ. ಗಾಲ್ಫ್ ಬಾರದವರೂ ಈ ವನದಲ್ಲಿ ನಡೆದಾಡಿ ಬರಬಹುದು. ಆಡುವವರ ಚೆಂಡಿನ ಕಡೆಗೊಂದು ಕಣ್ಣಿರಲಿ. ಏಪ್ರಿಲಿನಿಂದ ಜೂನ್, ಮಳೆ ನಿಂತ ಮೇಲೆ ಸೆಪ್ಟೆಂಬರಿನಿಂದ ನವೆಂಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಮೇ ತಿಂಗಳಿನಲ್ಲಿಯೂ ಸ್ವೆಟರ್ ಬೇಕು. ಹೃದಯದ ತೊಂದರೆಯಿದ್ದವರು ವೈದ್ಯರನ್ನು ಕೇಳಿಯೇ ಹೊರಡುವುದು ಕ್ಷೇಮ.

ಅದೇ ದಾರಿಯಲ್ಲಿ ಮುಂದೆ ಕಣಿವೆಗಿಳಿದರೆ ಸಟ್ಲೆಜ್ ದಂಡೆಯಲ್ಲಿ ತತ್ತಾಪಾನಿ ಎಂಬ ಬಿಸಿನೀರಿನ ಊಟೆಗಳ ಊರು. 2015ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ 800 ಮೆಗಾವಾಟಿನ ಕೋಲ್ ಅಣೆಕಟ್ಟಿನ ನೀರು ಹಿಂದೆ ಸರಿದು ಬಂದು ಹಳೆಯ ಊಟೆಗಳನ್ನು ಮುಳುಗಿಸಿದೆ. ಈಗ ಬಿಸಿನೀರನ್ನು ಮೇಲಕ್ಕೆ ತಂದು ಕೊಳಗಳಲ್ಲಿ ಕೊಡುತ್ತಾರೆ. ಅಣೆಕಟ್ಟಿನ ವಿಷಯದಲ್ಲಿ ನನಗೆ ಹೇಳಲು ಬೇಕಾದಷ್ಟಿದೆ, ಅದು ಬೇರೆ ಲೇಖನದ ಮಾತು. ಮಧ್ಯಾಹ್ನ ನಾವು ಆ ಕಡೆಗೆ ಕಾರಿನಲ್ಲಿ ಇಳಿಯುತ್ತಿದ್ದೆವು. ಮೊಮ್ಮಗಳು ತನ್ನ ಕುದುರೆಯ ಬಣ್ಣವನ್ನು ನಾಲ್ಕನೆಯ ಸಲ ವರ್ಣಿಸಿ ಮಲಗಿದ್ದಳು. ಮುಂದಿನ ಸೀಟಿನಲ್ಲಿದ್ದ ನಾನು ಮಗನಿಗೆ, "ನಿನ್ನ ಪ್ರಗತಿಪತ್ರದ ಸಂಗತಿ ನೆನಪಿದೆಯೇನು? ಎಂಟು ದಿನ ನಿನ್ನ ಜೊತೆ ಮಾತು ಬಿಟ್ಟಿದ್ದೆ. ಅಷ್ಟು ಮಾಡಬಾರದಿತ್ತು" ಎಂದೆ.

ಅವನು ತಿರುವಿನಲ್ಲಿ ಕಾರನ್ನು ನಿಧಾನಿಸಿ, ಎದುರಿಗೆ ಬಂದ ಬಸ್ಸಿಗೆ ದಾರಿ ಬಿಟ್ಟುಕೊಟ್ಟು, ಆಮೇಲೆ ಹೇಳಿದ: "ಎಂಟಲ್ಲ ಅಪ್ಪಾ. ಹನ್ನೊಂದು."

ಇಷ್ಟು ವರ್ಷವೂ ನಾನು ಎಂಟೆಂದೇ ತಿಳಿದಿದ್ದೆ, ಎಂಟೆಂದೇ ಹೇಳಿದ್ದೆ. ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ. ನಮ್ಮ ಮನೆಯವರು ಮೊಮ್ಮಗಳ ತಲೆಯನ್ನು ತೊಡೆಯ ಮೇಲೆ ಸರಿಯಾಗಿ ಇರಿಸಿಕೊಳ್ಳುತ್ತ, "ಹನ್ನೊಂದು" ಎಂದರು.